ನಿಂತ ಗಾಡಿಯ ಹೊಗೆ ಚೀಟಿ

ಇವತ್ತು ಬೆಳಿಗ್ಗೆ ಶೆಡ್ಡಿನಲ್ಲಿ ಒಂದು ಹಳೇ ಡೀಸೆಲ್ ವ್ಯಾನಿನ ಡ್ಯಾಶ್‌ಬೋರ್ಡ್ ಒರೆಸುತ್ತಿದ್ದಾಗ ಹೊಗೆ ತಪಾಸಣೆಯ ಚೀಟಿ ಕೈಗೆ ಸಿಕ್ಕಿತು. ಗರಿಗರಿ ಕಾಗದ. ಮೇಲೆ ಗಾಡಿಯ ಫೋಟೊ, ಕೆಳಗೆ ಒಂದಿಷ್ಟು ಅಂಕಿ, ಕೊನೆಗೆ ಹೊಗೆ ಮಿತಿಯೊಳಗಿದೆ ಎಂಬ ಮಾತು. ತಾರೀಖು ನೋಡಿದೆ. ಆ ದಿನ ಈ ವ್ಯಾನಿನ ಎಂಜಿನ್ನು ಇದೇ ನೆಲದ ಮೇಲೆ, ಗೋಣಿತಾಟಿನ ಮೇಲೆ ಬಿಚ್ಚಿಕೊಂಡು ಮಲಗಿತ್ತು. ಎಂಜಿನ್ನೇ ಇಲ್ಲದ ಗಾಡಿ ಹೊಗೆ ಬಿಟ್ಟಿತಂತೆ, ಅದೂ ಮಿತಿಯೊಳಗೆ. ಮೈ ಉರಿಯಿತು. ಯಾರನ್ನು ಬಯ್ಯಲಿ ಎಂದು ಯೋಚಿಸಿದರೆ, ನಂಬರ್ ಪ್ಲೇಟಿನ ಫೋಟೊ ಫೋನಿನಲ್ಲಿ ತಪಾಸಣೆ ಕೇಂದ್ರಕ್ಕೆ ಕಳಿಸಿ ಚೀಟಿ ತರಿಸಿದವನು ನಾನೇ.

ಶಿರಾಳಕೊಪ್ಪದಲ್ಲಿ ಹಳೇ ಗಾಡಿ ಕೊಂಡು ಮಾರುವುದು ನನ್ನ ಕಸುಬು. ಲಾರಿ ತೊಳೆಯುವ ಕೆಲಸದಿಂದ ಶುರು ಮಾಡಿ ಸ್ವಂತ ಶೆಡ್ಡು ಕಟ್ಟಿದವನು, ಹಾಗಾಗಿ ಕೇಳದಿದ್ದರೂ ಬುದ್ಧಿ ಹೇಳುವ ಚಟ ಇದೆ, ಸಹಿಸಿಕೊಳ್ಳಿ. ನಮ್ಮ ಕಡೆ ಎಮ್ಮೆ ಕೊಳ್ಳುವವರು ಎರಡು ಹೊತ್ತು ತಾವೇ ಕೂತು ಹಾಲು ಕರೆದು ನೋಡುತ್ತಾರೆ. ಎತ್ತು ಕೊಳ್ಳುವವರು ನೊಗಕ್ಕೆ ಕಟ್ಟಿ ಕೆಸರಿನಲ್ಲಿ ನಡೆಸುತ್ತಾರೆ. ಮಾರುವವನ ಮಾತನ್ನು ಒಬ್ಬರೂ ನಂಬುವುದಿಲ್ಲ. ಅದೇ ಜನ ಗಾಡಿಯ ಹೊಗೆಯ ವಿಷಯಕ್ಕೆ ಬಂದರೆ ಚೀಟಿ ಇದೆಯಾ ಎಂದು ಕೇಳಿ ಸುಮ್ಮನಾಗುತ್ತಾರೆ.

ಸುಮ್ಮನಾಗದಿದ್ದವನು ಬಸವಣ್ಣೆಪ್ಪ ಒಬ್ಬನೇ. ನನ್ನ ಶೆಡ್ಡಿನ ಪಕ್ಕದ ಮೆಕ್ಯಾನಿಕ್. ತೀರಿಕೊಂಡು ಮೂರು ವರ್ಷವಾಯಿತು. ಯಾವ ಗಾಡಿ ತಂದರೂ ಸೊರಬದ ದಾರಿಯ ಏರಿಗೆ ಕಳಿಸುತ್ತಿದ್ದ. ಹೇರು ತುಂಬಿಸಿಯೇ ಕಳಿಸಬೇಕು. ತಾನು ಏರಿನ ನಡುವೆ ಮೋರಿಕಟ್ಟೆಯ ಮೇಲೆ ಕೂತು, ಗಾಡಿ ದಾಟಿ ಹೋಗುವಾಗ ಹೊಗೆ ನೋಡುತ್ತಿದ್ದ, ಮೂಸುತ್ತಿದ್ದ. ಕಪ್ಪಗಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ.

"ನಿಂತಾಗ ಎಲ್ಲಾ ಗಾಡಿನೂ ಬೀಗರ ಮನಿಗೆ ಬಂದೋರಂಗೆ ಇರ್ತಾವ್ರೀ. ಏರು ಹತ್ತಸ್ರಿ, ಬಂಡವಾಳ ಗೊತ್ತಾಕ್ಕತಿ" ಎನ್ನುತ್ತಿದ್ದ.

ತಪಾಸಣೆಯ ದಿನ ಮಾತ್ರ ಹೊಗೆ ಕಡಿಮೆಯಾಗುವಂತೆ ಡೀಸೆಲ್ ಪಂಪಿನ ತಿರುಪು ಬಿಗಿಮಾಡಿ, ಚೀಟಿ ಸಿಕ್ಕ ಮೇಲೆ ಸಡಿಲಿಸಿಕೊಡು ಎಂದು ಗಿರಾಕಿಗಳು ಕೇಳಿದರೆ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟುಬಿಡುತ್ತಿದ್ದ. ಗಿರಾಕಿಗಳು ಬೇರೆಯವರ ಹತ್ತಿರ ಹೋದರು. ನಾನೂ ಹೋದೆ.

"ನಿನ್ನ ಮೂಗಿಗೂ ಒಂದು ಲೈಸೆನ್ಸ್ ಮಾಡ್ಸಣ ತಗಾ" ಎಂದು ಹಂಗಿಸಿದ್ದೆ.

"ಮಾಡಸ್ರಿ. ಆದ್ರ ನನ್ನ ಮೂಗಿಗೆ ಫೋಟೊ ಕಳಿಸಿದ್ರ ನಡಿಯಂಗಿಲ್ಲ" ಎಂದ.

ಅವನ ಮೂಗಿಗೆ ಬೆಲೆ ಇದೆಯೆಂದು ನನಗೆ ಗೊತ್ತಾದದ್ದು ಅವನು ಹೋದ ಮೇಲೆ, ಬೆಂಗಳೂರಿನಲ್ಲಿ. ಒಂದು ಗೂಡ್ಸ್ ಗಾಡಿ ಮುಟ್ಟಿಸಲು ಹೋಗಿದ್ದೆ. ಮೇಲ್ಸೇತುವೆಯ ಏರಿನಲ್ಲಿ ರಸ್ತೆಯ ಈ ಬದಿಗೆ ಒಂದು ಪೆಟ್ಟಿಗೆ, ಆ ಬದಿಗೆ ಕನ್ನಡಿ, ಸ್ವಲ್ಪ ಮುಂದೆ ಕ್ಯಾಮೆರಾ ಇಟ್ಟಿದ್ದರು. ಪೊಲೀಸರಿರಬೇಕೆಂದು, ದಾಟಿದ ಮೇಲೆ ಗಾಡಿ ಬದಿಗೆ ನಿಲ್ಲಿಸಿ ಇಳಿದೆ. ಅಲ್ಲ, ಸಂಶೋಧನೆಯವರು. ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಹೆಣ್ಣುಮಗಳು ಬಿಡಿಸಿ ಹೇಳಿದಳು. ಪೆಟ್ಟಿಗೆಯಿಂದ ಕಣ್ಣಿಗೆ ಕಾಣದ ಬೆಳಕು ರಸ್ತೆಯನ್ನು ಅಡ್ಡ ದಾಟುತ್ತದೆ. ಗಾಡಿಯ ಹಿಂದೆ ಏಳುವ ಹೊಗೆ ಆ ಬೆಳಕನ್ನು ಎಷ್ಟು ನುಂಗಿತು ಎಂಬುದರ ಮೇಲೆ, ಕಣ್ಣು ಮಿಟುಕಿಸುವುದರೊಳಗೆ, ಅದರಲ್ಲಿ ಏನೇನಿದೆ ಎಂದು ತಿಳಿಯುತ್ತದೆ. ಗಾಡಿ ನಿಲ್ಲಿಸಬೇಕಿಲ್ಲ, ಮುಟ್ಟಬೇಕಿಲ್ಲ.

ನಾನು ಜೇಬಿನ ಚೀಟಿ ತೋರಿಸಿದೆ. "ಅದು ನಿಂತಾಗಿನದು ಸರ್" ಎಂದಳು. ಈಗಷ್ಟೇ ದಾಟಿದ ನನ್ನ ಗಾಡಿಯ ಲೆಕ್ಕ ಚೀಟಿಗೆ ಹತ್ತಿರವೂ ಇರಲಿಲ್ಲ. ಬಿಡುವ ಆಸಾಮಿ ನಾನಲ್ಲ. ಇನ್ನೊಂದು ಸುತ್ತು ಹಾಕಿ, ಈ ಸಲ ಆಕ್ಸಿಲರೇಟರಿನಿಂದ ಕಾಲೆತ್ತಿ, ದೇವರ ಪಲ್ಲಕ್ಕಿ ಹೊತ್ತವನ ಹಾಗೆ ಮೆಲ್ಲಗೆ ಬಂದೆ. ಅವಳು ನಕ್ಕಳು.

"ಕಾಲೆತ್ತಿದ್ರೆ ಲೆಕ್ಕಕ್ಕೆ ಬರಲ್ಲ ಸರ್. ವೇಗ ಏರಿಸ್ತಾ ಇದ್ರೋ ಇಳಿಸ್ತಾ ಇದ್ರೋ ಅನ್ನೋದನ್ನೂ ಇದು ಅಳೆಯತ್ತೆ."

ಚೌಕಾಸಿಗೆ ಬಗ್ಗದ ಯಂತ್ರವನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದೆ. ಬಸವಣ್ಣೆಪ್ಪನನ್ನು ಪೆಟ್ಟಿಗೆಯೊಳಗೆ ಕೂರಿಸಿದಂತಿತ್ತು.

"ನಮ್ಮ ಕಡೆ ಯಾವಾಗ ತರ್ತೀರಮ್ಮ?"

"ಮೊದಲು ದೊಡ್ಡ ನಗರಗಳು ಸರ್."

"ಯಾಕೆ, ನಮ್ಮೂರ ಮಕ್ಕಳೇನು ಉಸಿರಾಡಲ್ವಾ?"

ಅವಳದೇನೂ ತಪ್ಪಿಲ್ಲ, ಆದರೆ ಸಿಟ್ಟು ಇಳಿಯಲಿಲ್ಲ. ನೀವೇ ಹೇಳಿ, ನಗರದಲ್ಲಿ ಕಳ್ಳ ಹೊಗೆ ಹಿಡಿಯಲು ಶುರುವಾದರೆ ಆ ಗಾಡಿಗಳೆಲ್ಲ ಎಲ್ಲಿಗೆ ಹೋಗುತ್ತವೆ? ಗುಜರಿಗಲ್ಲ. ನನ್ನಂಥವನ ಶೆಡ್ಡಿಗೆ ಬರುತ್ತವೆ, ಬಣ್ಣ ಬಳಿಸಿಕೊಂಡು ಶಿಕಾರಿಪುರ, ಸೊರಬದ ರಸ್ತೆಗೆ ಇಳಿಯುತ್ತವೆ. ಇವತ್ತು ನಾನು ಒರೆಸುತ್ತಿದ್ದ ವ್ಯಾನು ಬಂದದ್ದೂ ಅಲ್ಲಿಂದಲೇ.

ಅದನ್ನು ಕೊಳ್ಳಲು ಹೊಸಬಾಳೆಯ ಗಿರಿಜಮ್ಮ ಹನ್ನೊಂದಕ್ಕೆ ಬಂದರು. ಸುತ್ತಲಿನ ಹಳ್ಳಿಯ ಮಕ್ಕಳನ್ನು ತಾವೇ ವ್ಯಾನು ಓಡಿಸಿ ಶಾಲೆಗೆ ಬಿಡುವವರು. ಮಕ್ಕಳು ಹೆಚ್ಚಾಗಿದ್ದರಿಂದ ಇನ್ನೊಂದು ಗಾಡಿ ಬೇಕಿತ್ತು. ಹೋದ ವರ್ಷ ನನ್ನಿಂದ ಕೊಂಡ ವ್ಯಾನಿನಲ್ಲೇ ಬಂದಿದ್ದರು.

"ಚೀಟಿ ಇದ್ಯಲ್ರೀ?"

ಇದೆ ಎಂದಿದ್ದರೆ ವ್ಯಾಪಾರ ಅಲ್ಲಿಗೇ ಮುಗಿಯುತ್ತಿತ್ತು. ಬೆಳಗಿನ ಉರಿ ಇನ್ನೂ ಆರಿರಲಿಲ್ಲ. "ಚೀಟಿ ಸುಳ್ಳು. ಹಿಂದಿನ ಸೀಟಿನಾಗೆ ಕೂತ್ಕೊಳ್ರಿ, ಏರು ಹತ್ತಿಸ್ತೀನಿ" ಎಂದೆ.

"ಎಂತ ಮಾರಾಯ್ರೇ, ಗಾಡಿ ಮಾರೋ ಮನಸ್ಸಿಲ್ವಾ ನಿಮಗೆ?" ಎನ್ನುತ್ತಲೇ ಹತ್ತಿದರು.

ಮಕ್ಕಳ ಭಾರಕ್ಕೆಂದು ಸಿಮೆಂಟಿನ ಚೀಲ ಹೇರಿಸಿದೆ. ಏರಿನ ಅರ್ಧಕ್ಕೆ ಗಾಡಿ ಎರಡನೇ ಗೇರಿಗೆ ಬಂತು. ಹಿಂಬಾಗಿಲಿನ ಸಂದಿಯಿಂದ ಹೊಗೆ ಒಳಕ್ಕೆ ನುಗ್ಗಿತು. ಗಿರಿಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಶೆಡ್ಡಿಗೆ ವಾಪಸ್ ಬಂದು ಇಳಿದಾಗ ಕಣ್ಣು ಕೆಂಪಾಗಿತ್ತು.

"ಇದು ಬ್ಯಾಡ" ಎಂದರು.

ಒಂದು ಗಾಡಿ ಕೈತಪ್ಪಿತು, ಆದರೂ ದೊಡ್ಡ ಕೆಲಸ ಮಾಡಿದೆ ಎಂದು ಬೀಗುತ್ತಿದ್ದೆ. ಅವರು ತಮ್ಮ ವ್ಯಾನಿನತ್ತ ತಿರುಗಿದವರು ಅಲ್ಲೇ ನಿಂತರು.

"ಇದನ್ನ ಕೊಡೋವಾಗ ಏರು ಹತ್ತಿಸಿ ನೋಡಿದ್ರೇನ್ರೀ?"

"ಇಲ್ಲ" ಎಂದೆ.

"ಅದರ ಚೀಟಿ?"

"ಅದೂ ಫೋಟೊ ಕಳಿಸಿ ತರಿಸಿದ್ದೇ."

ಒಂದು ವರ್ಷ ಆ ಮಕ್ಕಳು ಅದರಲ್ಲಿ ಹೋಗಿ ಬಂದಿದ್ದಾರೆ. ಗಿರಿಜಮ್ಮ ಬಯ್ಯಲಿಲ್ಲ, ಬಯ್ದಿದ್ದರೆ ಸಮಾಧಾನ ಹೇಳಿ ನಿಭಾಯಿಸುತ್ತಿದ್ದೆ. ಗಡಿಯಾರ ನೋಡಿಕೊಂಡರು.

"ನಾಲ್ಕಕ್ಕೆ ಶಾಲೆ ಬಿಡ್ತದೆ. ಚೀಲ ಇದಕ್ಕೆ ಹಾಕ್ಸಿ. ನಾ ಓಡಿಸ್ತೆ, ಹಿಂದೆ ನೀವು ಕೂತ್ಕಳಿ."

ಕೂತೆ. ಏರಿನ ಕಾಲು ಭಾಗಕ್ಕೇ ನನಗೆ ಕೆಮ್ಮು ಹತ್ತಿತು. ಅವರು ಕನ್ನಡಿಯಲ್ಲಿ ನೋಡಿದರು, ಗಾಡಿ ನಿಲ್ಲಿಸಲಿಲ್ಲ.