ಕಮಳಾಬಾಯಿಯ ಮಾಸಾಶನದ ಅರ್ಜಿ

ದುಬಲಗುಂಡಿಯ ಕಮಳಾಬಾಯಿ ಹೊಲದ ಕೂಲಿಯವಳು. ಜೋಳದ ರಾಶಿ ಮಾಡುವಾಗ ಯಂತ್ರಕ್ಕೆ ಸಿಕ್ಕಿ ಬಲಗೈ ಹೋಗಿತ್ತು. ಅಂಗವಿಕಲರಿಗೆ ಸರಕಾರ ಮಾಸಾಶನ ಕೊಡುತ್ತದೆಂದು ಕೇಳಿ, 1983ರಲ್ಲಿ ಬೀದರಿನ ಡಾಕ್ಟರರಿಂದ ಸರ್ಟಿಫಿಕೇಟು ತಂದು, ಹುಮನಾಬಾದಿನಲ್ಲಿ ಅರ್ಜಿ ಬರೆಯುವ ತುಳಜಾರಾಮನ ಮುಂದೆ ಕುಳಿತಳು.

"ದುಡಿಯೋ ಮಗ ಅದಾನೇನವ್ವಾ?" ಅವನು ಕೇಳಿದ.

"ಅದಾನ್ರಿ. ಸೊಲ್ಲಾಪುರಕ್ಕ ಹೋಗಿ ಆರು ವರ್ಷಾತು. ಒಂದು ಕಾಗದಾನೂ ಹಾಕಿಲ್ರಿ."

"ಮಗ ಇದ್ರ ಮಂಜೂರ್ ಆಗಂಗಿಲ್ಲ. ಸತ್ತಾನ ಅಂತ ಬರೀಲೇನು?"

ಕಮಳಾಬಾಯಿ ಅಡ್ಡಡ್ಡ ತಲೆಯಾಡಿಸಿದಳು.

"ಬ್ಯಾಡ್ರಿ. ಅದಾನಂತನ ಬರೀರಿ," ಎಂದು ಎಡಗೈ ಹೆಬ್ಬೆಟ್ಟು ಒತ್ತಿದಳು.

ಮೂರು ತಿಂಗಳಿಗೆ ಅರ್ಜಿ ತಿರಸ್ಕಾರವಾಯಿತು. ಮಗನ ಸುದ್ದಿಯೂ ಬರಲಿಲ್ಲ. ಬದುಕಿರುವವರೆಗೂ ಅವಳು ಕೊಯ್ಲಾದ ಹೊಲಗಳಲ್ಲಿ ಒಂದೇ ಕೈಯಿಂದ ತೆನೆ ಆಯ್ದು ಹೊಟ್ಟೆ ಹೊರೆದಳು.