ಜಾಲಿ ಕಡಿಸಿದ ಸಹಿಗಳು

ವಿಮಾ ಕಚೇರಿಯಿಂದ ನಿವೃತ್ತಳಾದ ವರ್ಷವೇ ನಾನು ಶೋಳಿಂಗನಲ್ಲೂರಿನ ನಮ್ಮ ಮನೆ ಹತ್ತಿರದ ಕೆರೆ ಏರಿಯ ಮೇಲೆ ಗಿಡ ನೆಡಲು ಹೋಗತೊಡಗಿದೆ. ಕರೆದುಕೊಂಡು ಹೋದವರು ಪಕ್ಕದ ಕಟ್ಟಡದ ಅಕ್ಕ. ಕುಂದಾಪುರದ ಕಡೆಯವರು, ಗಂಡನ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಮೈಸೂರಿನ ಕಡೆಯ ನನಗೆ ಈ ತಮಿಳು ಊರಿನಲ್ಲಿ ಮನಸ್ಸು ಬಿಚ್ಚಿ ಕನ್ನಡ ಮಾತಾಡಲು ಇದ್ದವರು ಅವರೊಬ್ಬರೇ.

"ಬೆಳ್ಳಕ್ಕಿ ಗೂಡು ಕಟ್ಲಿಕ್ಕೆ ಮುಳ್ಳಿನ ಮರವೇ ಆಗ್ಬೇಕು ಮಾರಾಯ್ತಿ. ಬೆಕ್ಕು ಹತ್ತುದಿಲ್ಲ" ಎಂದು ಅಕ್ಕ ಕರಿಜಾಲಿ ಸಸಿಗಳನ್ನೇ ತರಿಸಿದರು. ಭಾನುವಾರ ಬೆಳಗ್ಗೆ ಹತ್ತು ಹನ್ನೆರಡು ಜನ ಸೇರುತ್ತಿದ್ದೆವು. ಅರ್ಧ ಜನ ನಾನು ಒತ್ತಾಯ ಮಾಡಿ ಕರೆತಂದವರು. ಜೇಡಿಮಣ್ಣು ಗುದ್ದಲಿಯನ್ನು ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಬಿಂದಿಗೆ ಹೊತ್ತು ಹೊತ್ತು ನನ್ನ ಬಲಭುಜ ಹಿಡಿದುಕೊಂಡಿತು. ಕೆಲಸ ಮುಗಿದ ಮೇಲೆ ಅಕ್ಕ ಹಾಜರಿ ಹಾಳೆ ಚಾಚುತ್ತಿದ್ದರು. ಹೆಸರು, ಮನೆ ನಂಬರು, ಸಹಿ ಹಾಕಿ, ಅವರು ತಂದ ಬಿಸಿ ಇಡ್ಲಿ ತಿಂದು ಹೊರಡುತ್ತಿದ್ದೆವು.

ನಾಲ್ಕನೇ ವರ್ಷ, ಮಳೆ ನಿಂತ ಮೇಲೆ, ಮೊದಲ ಗೂಡು ಕಂಡಿತು. ಅಕ್ಕ ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದರು. ಕಣ್ಣಲ್ಲಿ ನೀರಿತ್ತು. ಅದು ನಾಟಕವಾಗಿರಲಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ಅದೇ ನನಗೆ ಅರ್ಥವಾಗದ್ದು.

ಆಮೇಲಿನ ಜೂನ್‌ನಲ್ಲಿ ಒಂದು ಬೆಳಗ್ಗೆ ಜೆಸಿಬಿ ಸದ್ದು ಕೇಳಿ ಓಡಿದೆ. ಪೂರ್ವದ ಏರಿಯ ಜಾಲಿಗಳೆಲ್ಲ ಬುಡಸಮೇತ ಮಗುಚಿ ಬಿದ್ದಿದ್ದವು. ಮರಿಗಳು ಹಾರಿಹೋಗಿ ಗೂಡು ಖಾಲಿಯಾಗಿದ್ದವು, ಅಷ್ಟೇ ಸಮಾಧಾನ. ಕೆಲಸದ ಮೇಸ್ತ್ರಿಯ ಮೇಲೆ ತಮಿಳಿನಲ್ಲಿ ಕೂಗಾಡಿದೆ. ಅವನು ಶಾಂತವಾಗಿ ಫೈಲು ತೆಗೆದ.

"ನೀಂಗದಾನ್ ಅಮ್ಮಾ ಕೇಟ್ಟೀಂಗ" ಎಂದ. ನೀವೇ ತಾನೆ ಕೇಳಿದ್ದು!

ಮೊದಲ ಪುಟದಲ್ಲಿ ನಗರಪಾಲಿಕೆಗೆ ಬರೆದ ಅರ್ಜಿ: ಏರಿಯ ಮೇಲಿನ ಮುಳ್ಳುಗಿಡ ತೆಗೆಸಿ, ಓಡಾಡಲು ಕಲ್ಲುಹಾಸಿನ ದಾರಿ, ದೀಪ, ಬೆಂಚು ಹಾಕಿಸಿಕೊಡಿ. ಕೆಳಗೆ ಅಕ್ಕನ ಸಹಿ. ಹಿಂದೆ ನಮ್ಮ ಹಾಜರಿ ಹಾಳೆಗಳು, ತಲೆಬರಹ ಮಡಿಸಿ ತೆಗೆದ ನಕಲು. ಏಳನೆಯದು ನನ್ನ ಹೆಸರು. ಅಕ್ಷರದ ಪಕ್ಕ ಮಣ್ಣಿನ ಬೆರಳಿನ ಗುರುತು ಕೂಡ ನಕಲಿನಲ್ಲಿ ಬಂದಿತ್ತು.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ. ಅವರೇ ಬಾಗಿಲು ತೆರೆದರು.

"ನಮ್ಮ ಸಹಿ ಯಾಕೆ ಕೊಟ್ರಿ ಅಕ್ಕ?"

"ಇವರಿಗೆ ಮಂಡಿ ಆಪರೇಷನ್ ಆದ ಮೇಲೆ ನಡೀಲಿಕ್ಕೆ ಒಂದು ಜಾಗ ಇಲ್ಲ. ರಸ್ತೆಯಲ್ಲಿ ಕ್ಯಾಬು, ಬೈಕು. ನೀನೇ ಕಂಡಿದ್ದಿ."

"ನನ್ನ ಕೇಳಬಹುದಿತ್ತಲ್ಲ?"

"ಕೇಳಿದ್ರೆ ನೀನು ಬೇಡ ಅಂತಿದ್ದಿ. ಮರ ಬೇರೆ ಕಡೆ ನೆಟ್ಟರಾಯ್ತು ಮಾರಾಯ್ತಿ. ಕಾಪಿ ಕುಡೀತಿಯಾ?"

ಕಾಫಿ ಕುಡಿಯಲಿಲ್ಲ. ಮೆಟ್ಟಿಲಿಳಿದು ಬಂದೆ. ಮರ ಬಿದ್ದದ್ದಕ್ಕಿಂತ, ನನ್ನ ಉತ್ತರ ಗೊತ್ತಿದ್ದೇ ಅವರು ಕೇಳದೆ ಉಳಿದದ್ದು ನನ್ನನ್ನು ಚುಚ್ಚಿತು. ನಾನು ಕರೆತಂದವರ ಮನೆಮನೆಗೆ ಹೋಗಿ ವಿಷಯ ಹೇಳಿದೆ. ಒಬ್ಬಾಕೆ, "ನಿಮ್ಮನ್ನು ನಂಬಿ ಬಂದೆ, ನೀವು ಅವರ ಸ್ನೇಹಿತೆ, ನಿಮಗೆ ಗೊತ್ತಿರಲಿಲ್ವಾ?" ಎಂದು ನನ್ನನ್ನೇ ಅನುಮಾನಿಸಿದರು. ಆ ಮಾತು ಅಕ್ಕ ಮಾಡಿದ್ದಕ್ಕಿಂತ ಆಳಕ್ಕೆ ಇಳಿಯಿತು. ಕೊನೆಗೆ ಐವರು ಸೇರಿ, ಈ ಸಹಿ ಅರ್ಜಿಗಾಗಿ ಹಾಕಿದ್ದಲ್ಲ ಎಂದು ಬರೆದುಕೊಟ್ಟೆವು. ಕೆಲಸ ಅರ್ಧಕ್ಕೆ ನಿಂತಿತು. ಉತ್ತರದ ಏರಿಯ ಮರಗಳು ಉಳಿದವು. ಪೂರ್ವದಲ್ಲಿ ದಾರಿ ಆಯಿತು.

ಆ ದಾರಿಯಲ್ಲಿ ಈಗ ತುಂಬ ಜನ ನಡೆಯುತ್ತಾರೆ, ಅಕ್ಕನ ಗಂಡನೂ ಕೋಲು ಊರಿಕೊಂಡು. ಅವರನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ. ಅಕ್ಕ ಎದುರಾದರೆ ಮಾತ್ರ ತರಕಾರಿ ಅಂಗಡಿಯೊಳಗೆ ಸರಿದುಬಿಡುತ್ತೇನೆ. ಕಳೆದ ವಾರ ಅವರು ಅಲ್ಲಿಗೇ ಬಂದು, "ಎಷ್ಟು ದಿನ ಮಾತು ಬಿಡ್ತಿ?" ಎಂದರು.

"ಗೊತ್ತಿಲ್ಲ ಅಕ್ಕ" ಎಂದೆ. ಆರಿಸಿಟ್ಟ ಬದನೆಕಾಯಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.