ಅಪ್ಪ ‘ಶ್ರೀ’ ಬರೆದ ಮತ

ನ್ಯೂ ಲಿನ್‌ನ ಶಾಲೆಯೊಂದರಲ್ಲಿ ಮತ ಹಾಕಲು ನಿಂತಿದ್ದೆ. ಮಾರ್ಕರ್ ಪೆನ್ನಿನ ಮಸಿಯ ಘಾಟು ಮೂಗಿಗೆ ಹತ್ತಿದ್ದೇ ತಡ, ಕೈ ಮುಂದೆ ಸಾಗಲಿಲ್ಲ. “ಜಸ್ಟ್ ಟಿಕ್ ಇಟ್, ಅಮ್ಮಾ,” ಎಂದು ಮಗಳು ಪಿಸುಗುಟ್ಟಿದಳು. ಇಪ್ಪತ್ತು ವರ್ಷದಿಂದ ಈ ಪರದೇಶದಲ್ಲಿ ನರ್ಸ್ ಆಗಿದ್ದೇನೆ, ಎಷ್ಟೋ ಸಲ ಮತ ಹಾಕಿದ್ದೇನೆ; ಆದರೆ ಅಪ್ಪ ಹೋದ ಮೇಲೆ ಇದೇ ಮೊದಲು. ಅಮ್ಮ ಅದಕ್ಕೂ ಮುಂಚೆಯೇ, ಏನೂ ತಿಳಿಯದೆ ಹೋಗಿದ್ದಳು. ಅಪ್ಪನ ಆ ಮತದ ಚೀಟಿಯ ವಿಷಯ ಗೊತ್ತಿದ್ದವಳು ಇನ್ನು ನಾನೊಬ್ಬಳೇ ಅನ್ನಿಸಿತು.

ಅಪ್ಪ ಒಂದೇ ಒಂದು ಅವಧಿಗೆ ಶಾಸಕರಾಗಿದ್ದರು. ನಿಮಗೂ ಅಂಥದ್ದೊಂದು ಮನೆಯ ನೆನಪಿದ್ದೀತು: ಬೆಳಗಾದರೆ ಬಾಗಿಲ ತುಂಬ ಊರವರ ಚಪ್ಪಲಿ, ಒಳಗೆ ಡಿಕಾಕ್ಷನ್ನಿನ ಪರಿಮಳ, ಮೇಜಿನ ಮೇಲೆ ಅರ್ಜಿಗಳ ರಾಶಿ. ನಮ್ಮದು ಬೆಂಗಳೂರಿನಲ್ಲೊಂದು ಬಾಡಿಗೆ ಮನೆ. ಅಪ್ಪನದೇ ಪಕ್ಷದ, ಪಕ್ಕದ ಕ್ಷೇತ್ರದ ಶಾಸಕರಾಗಿದ್ದ ಶಿವಣ್ಣ ಮಾಮನಿಗೆ ದಿನವೂ ನಮ್ಮಲ್ಲೇ ತಿಂಡಿ. ತುಪ್ಪದ ದೋಸೆ ಮುರಿದು ಮೊದಲ ತುತ್ತು ನನ್ನ ಬಾಯಿಗೇ ಇಡುತ್ತಿದ್ದರು. ಅಪ್ಪ ಪೆನ್ನಿನ ಮುಚ್ಚಳ ತೆಗೆದರೆ ಮೊದಲು ಕಾಗದದ ತಲೆಯ ಮೇಲೆ ‘ಶ್ರೀ’ ಬೀಳಲೇಬೇಕಿತ್ತು. “ಲೋ ಪುಣ್ಯಾತ್ಮ, ಸಾಮಾನು ಪಟ್ಟಿಗೂ ಶ್ರೀನೇನಯ್ಯಾ!” ಎಂದು ಮಾಮ ರೇಗಿಸುತ್ತಿದ್ದರು.

ಆ ವರ್ಷ ರಾಷ್ಟ್ರಪತಿ ಚುನಾವಣೆ ಬಂತು. ಅದಕ್ಕೆ ಮತ ಹಾಕುವವರು ಶಾಸಕರು, ಸಂಸದರು ಮಾತ್ರ. ವಿಧಾನಸೌಧದಿಂದ ಬಂದ ಅಪ್ಪ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದರು. “ಚೀಟಿ ಮೇಲೂ ಶ್ರೀ ಬರ್ದ್‌ಬಿಟ್ಟೆ ಕಣವ್ವ. ಗುರುತು ಬಿದ್ದ ಮತ ನಡೆಯಲ್ಲ. ಅಮ್ಮಂಗೂ ಹೇಳ್ಬೇಡ,” ಅಂದರು. ಎಣಿಕೆಯಲ್ಲಿ ನಮ್ಮ ರಾಜ್ಯದ ಒಂದು ಮತ ಅಸಿಂಧುವಾಯಿತು; ಕಾರಣ ಹೊರಗೆ ಬರಲಿಲ್ಲ. ಯಾರೋ ಬೇಕೆಂದೇ ಕೆಡಿಸಿದ್ದಾರೆಂದು ಪಕ್ಷದವರು ಕೆರಳಿದರು. ನಾಯಕರಿಗೆ ಸದಾ ಎದುರಾಡುತ್ತಿದ್ದ ಶಿವಣ್ಣ ಮಾಮನ ಮೇಲೆ ಅನುಮಾನ ಬಿತ್ತು, ಮುಂದಿನ ಸಲ ಅವರಿಗೆ ಟಿಕೆಟ್ ತಪ್ಪಿತು. ಅಪ್ಪ ತುಟಿ ಪಿಟಕ್ ಅನ್ನಲಿಲ್ಲ. ಮಾಮ ಬಂದರೆ ಮುಖ ತೋರಿಸಲಾರದೆ, “ಮನೇಲಿಲ್ಲ ಅನ್ನು” ಎಂದು ನನ್ನನ್ನೇ ಬಾಗಿಲಿಗೆ ಕಳಿಸುತ್ತಿದ್ದರು. ನಾನು ನೆಲ ನೋಡುತ್ತ ಹಾಗೇ ಹೇಳುತ್ತಿದ್ದೆ. ಮೂರನೆಯ ಸಲದ ನಂತರ ಮಾಮ ಬರಲಿಲ್ಲ. ಟಿಕೆಟ್ ಸಿಕ್ಕಿದ ಅಪ್ಪನೂ ಸೋತರು, ಆ ಮನೆ ಬಿಟ್ಟೆವು.

ಮತ ಹಾಕಿ ಮನೆಗೆ ಬಂದವಳೇ ಮಾಮನಿಗೆ ಫೋನ್ ಮಾಡಿದೆ. ಅಪ್ಪನ ತಿಥಿಯಲ್ಲಿ ಯಾರನ್ನೋ ಕೇಳಿ ನಂಬರು ಬರೆದುಕೊಂಡು ಬಂದಿದ್ದೆ. ಮಾಡುವ ಧೈರ್ಯ ಬಂದಿರಲಿಲ್ಲ. ನಾನು ಯಾರೆಂದು ಹೇಳಿದ ಕೂಡಲೇ ಮಾಮ ಅಂದರು: “ನಿಮ್ಮಪ್ಪನೂ ನನ್ನ ಅನುಮಾನಿಸ್ಬಿಟ್ನಲ್ಲವ್ವಾ. ಟಿಕೆಟ್ ಹೋದ್ರೆ ಹೋಗ್ಲಿ, ಅದೊಂದೇ ನನ್ನ ತಿಂದಾಕ್ತು.”

ಅಳುತ್ತಲೇ ಎಲ್ಲ ಹೇಳಿಬಿಟ್ಟೆ.

“ಅಷ್ಟೇನಾ?” ಅಂದರು ಮಾಮ. “ಅಯ್ಯೋ, ಬಂದು ಒಂದ್ಮಾತು ಹೇಳಿದ್ರೆ ಇಬ್ರೂ ಕೂತು ನಗಾಡ್ತಿದ್ವಲ್ಲವ್ವಾ.”

ಆದರೆ ಅವರು ನಗಲಿಲ್ಲ. “ಅವನ್ದೊಂದು ಫೋಟೋ ಇದ್ರೆ ಕಳ್ಸು ಮಗಾ,” ಅಂದರು. “ನನ್ನತ್ರ ಇದ್ದಿದ್ನೆಲ್ಲ, ಮೂರ್ನೇ ಸಲ ನಿಮ್ಮನೆ ಬಾಗ್ಲಿಂದ ವಾಪಸ್ ಬಂದ್ನಲ್ಲ, ಆವತ್ತೇ ಹರಿದಾಕ್ಬಿಟ್ಟೆ.”